ತಕ್ಕಡಿಯ ಪಕ್ಕ ನಿಂತವನು

ಮಾತಾಡುವವರಿಗೆ ತಲಾ ಐದು ನಿಮಿಷ.
ಹಸಿರು ದೀಪ, ಹಳದಿ ದೀಪ, ಆಮೇಲೆ ಕೆಂಪು.
ದೀಪದ ಗುಂಡಿ ನನ್ನ ಎಡಗೈಗೆ,
ಆಡಿದ್ದೆಲ್ಲ ಬರೆಯುವ ಕೆಲಸ ಬಲಗೈಗೆ.
ಹ್ಯಾಲಿಫ್ಯಾಕ್ಸಿನ ಈ ಸಭಾಂಗಣದಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಇಷ್ಟೇ:
ಕೇಳಿಸಿದ್ದನ್ನು ಬರೆ, ಅನಿಸಿದ್ದನ್ನು ನುಂಗು.

ಹನ್ನೊಂದನೆಯವಳು ಮರ್ಡೀನಾ ಮೆಕ್ಯಾಸ್ಕಿಲ್.
ವಯಸ್ಸು ಎಂಬತ್ತೇಳು. ಊರು ಗ್ಲೇಸ್ ಬೇ.
ಐದು ತಾಸು ಬಸ್ಸಿನಲ್ಲಿ ಮಡಿಚಿ ತಂದ ಮಂಡಿಗಳನ್ನು
ಒಂದೊಂದಾಗಿ ಪುಸಲಾಯಿಸಿ ಕುರ್ಚಿಗೆ ಇಳಿದಳು.
ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಯಾರೂ ಬಗ್ಗಿಸಲಿಲ್ಲ.
ಅವಳೇ ಬಗ್ಗಿಸಿದಳು. ಕರ್ರೆಂದಿತು.
ಹಸಿರು ಒತ್ತಿದೆ.

"ನನ್ನ ತಂಗಿ ಸೇಡಿ ಆರೈಕೆ ಮನೆಯಲ್ಲಿದ್ದಾಳೆ.
ಅಲ್ಲಿಯವರು ಒಳ್ಳೆಯ ಹುಡುಗಿಯರು, ಅವರನ್ನು ದೂರಲಾರೆ,
ರಾತ್ರಿ ಮೂವತ್ತು ಹಾಸಿಗೆಗೆ ಇಬ್ಬರು, ಇಬ್ಬರಿಗೂ ಎರಡೆರಡೇ ಕೈ.
ಆದರೆ ಇಗೋ, ಈ ನೋಟುಬುಕ್ಕು.
ಮಾರ್ಚ್ ಆರು: ಗಂಟೆ ಒತ್ತಿದ್ದು ಎರಡೂ ಹತ್ತಕ್ಕೆ,
ಬಂದದ್ದು ಮೂರೂ ಇಪ್ಪತ್ತೈದಕ್ಕೆ.
ಒಂಬತ್ತು: ಸ್ನಾನ ಇಲ್ಲ. ಹದಿನಾರು: ಸ್ನಾನ ಇಲ್ಲ.
ಇಪ್ಪತ್ತಮೂರು: ಇನ್ಯಾರದೋ ಹಲ್ಲಿನ ಸೆಟ್ಟು ಅವಳ ಬಾಯಲ್ಲಿ."

(ನಗು) ಎಂದು ಬರೆದೆ.
ಅವಳು ನಗಲಿಲ್ಲ. ಅದನ್ನು ಬರೆಯಲು
ಯಾವ ಆವರಣ ಚಿಹ್ನೆಯೂ ಇಲ್ಲ.

"ದೂರು ಕೊಟ್ಟೆ. ಇಲಾಖೆಗೆ ಬರೆಯಿರಿ ಅಂದರು.
ಆ ಮನೆಗೆ ಪರವಾನಗಿ ಕೊಡುವುದು ಇಲಾಖೆ,
ದುಡ್ಡು ಕೊಡುವುದು ಇಲಾಖೆ,
ಹೋಗಿ ತಪಾಸಣೆ ಮಾಡಿ ಪಾಸು ಮಾಡುವುದೂ ಅದೇ.
ನನ್ನ ಕಾಗದ ಊರೆಲ್ಲ ಸುತ್ತಿ
ಅದೇ ಮನೆಯ ಮ್ಯಾನೇಜರನ ಮೇಜಿಗೆ ಬಂದು ಕೂತಿತು,
ಬೆಕ್ಕಿನ ಮೇಲಿನ ದೂರನ್ನು
ಬೆಕ್ಕಿಗೇ ಓದಿ ಹೇಳಿದ ಹಾಗೆ."

ಸದಸ್ಯರೊಬ್ಬರು ಕನ್ನಡಕ ಒರೆಸುತ್ತ ಕೇಳಿದರು:
"ಹಿರಿಯರ ಪರ ಮಾತಾಡಲು ಒಬ್ಬರು ಬೇಕು, ಸರಿ.
ಇಲಾಖೆಯೊಳಗೇ ಅವರಿಗೊಂದು ಕೋಣೆ ಕೊಟ್ಟರೆ ಸಾಲದೆ?
ಖರ್ಚೂ ಉಳಿಯುತ್ತದೆ."

ಹಳದಿ ಆಗಲೇ ಹತ್ತಿತ್ತು.
ಅವಳು ಚೀಲದೊಳಗಿನ ಚೀಲ ತೆಗೆದು
ಅದರೊಳಗಿನ ಕರವಸ್ತ್ರ ಬಿಚ್ಚಿ
ಹಿತ್ತಾಳೆಯ ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟಳು.

"ಅಪ್ಪನದು. ನಾನೂರ ಹದಿನೇಳು.
ಕಡಲಡಿಯ ಗಣಿಯಲ್ಲಿ ಕಲ್ಲಿದ್ದಲು ಕಡಿದು
ತುಂಬಿದ ಗಾಡಿಗೆ ಇದನ್ನು ಸಿಕ್ಕಿಸಿ ಮೇಲೆ ಕಳಿಸುತ್ತಿದ್ದ.
ಮೇಲೆ ತಕ್ಕಡಿ ಕಂಪನಿಯದು. ತೂಗುವವನು ಕಂಪನಿಯವನು.
ಬರೆದುಕೊಳ್ಳುವ ಸೀಸದಕಡ್ಡಿಯೂ ಕಂಪನಿಯದೇ.
ಅದಕ್ಕೆ ಗಣಿಯವರು ಕೂಲಿಯಲ್ಲಿ ಸೆಂಟು ಸೆಂಟು ಕೂಡಿಸಿ
ತಮ್ಮವನೊಬ್ಬನನ್ನು ತಕ್ಕಡಿಯ ಪಕ್ಕ ನಿಲ್ಲಿಸಿದರು.
ಅವನು ಏನೂ ಹೊರುತ್ತಿರಲಿಲ್ಲ, ಏನೂ ತೂಗುತ್ತಿರಲಿಲ್ಲ.
ಮುಳ್ಳು ನೋಡುತ್ತಿದ್ದ.
ನೋಡಿದ್ದನ್ನು ಗಟ್ಟಿಯಾಗಿ ಹೇಳುತ್ತಿದ್ದ.
ಅವನು ನಿಂತ ವಾರದಿಂದ, ಅಪ್ಪ ಅನ್ನುತ್ತಿದ್ದ,
ಕಲ್ಲಿದ್ದಲಿಗೆ ಭಾರ ಬಂತು.

ಅವನಿಗೆ ಕಂಪನಿಯೇ ಕೋಣೆ ಕೊಟ್ಟಿದ್ದರೆ,
ಚಳಿಗೆ ಒಲೆ ಕೊಟ್ಟಿದ್ದರೆ, ತಿಂಗಳ ಸಂಬಳ ಕೊಟ್ಟಿದ್ದರೆ..."

ಐದು ನಿಮಿಷ ತುಂಬಿತು. ಕೆಂಪು ಒತ್ತಬೇಕಾದವನು ನಾನು.
ಈ ಗಡಿಯಾರ ಯಾರದು, ಈ ಕೈಯ ಸಂಬಳ ಯಾರದು
ಎಂದು ಅದುವರೆಗೆ ಯೋಚಿಸಿರಲಿಲ್ಲ.
ಎಡಗೈ ಮೆಲ್ಲಗೆ ಮೇಜಿನ ಕೆಳಗೆ ಹೋಗಿ ಕೂತಿತು.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ತೂಕದಲ್ಲಿ ಮೋಸ ಮಾಡಿದೆ.

"ಕರಡಿನ ನಾಲ್ಕನೇ ಕಲಮು," ಅಂದಳು,
"ಮಂತ್ರಿಗೆ ವರದಿ ಒಪ್ಪಿಸತಕ್ಕದ್ದು ಅಂತಿದೆ.
ಮಂತ್ರಿಯನ್ನು ಹೊಡೆದುಹಾಕಿ. ಸದನ ಅಂತ ಬರೆಯಿರಿ.
ಒಂದೇ ಪದ.
ಅಷ್ಟಕ್ಕೇ ನಾನು ಬಸ್ಸು ಹತ್ತಿದ್ದು."

ವಿಧೇಯಕ ಇನ್ನೂ ಸಮಿತಿಯಲ್ಲೇ ಇದೆ.
ಸೇಡಿಗೆ ಆ ಮಂಗಳವಾರ ಸ್ನಾನವಾಯಿತೋ, ನನಗೆ ಗೊತ್ತಿಲ್ಲ.
ಬಿಲ್ಲೆಯನ್ನು ದಾಖಲೆಗೆ ಸೇರಿಸಿ ಎಂದು ಬಿಟ್ಟುಹೋದಳು.
ರಾತ್ರಿ ಟೈಪು ಮಾಡುತ್ತ ಅಂಗೈಯಲ್ಲಿಟ್ಟು ನೋಡಿದೆ,
ಹೇಳಿಕೊಳ್ಳುವಂಥ ಭಾರವೇನಿಲ್ಲ.

ಲಗತ್ತಿನ ಸಂಖ್ಯೆ ಸರದಿಯಂತೆ ಹನ್ನೆರಡು ಆಗಬೇಕಿತ್ತು.
ನಾನೂರ ಹದಿನೇಳು ಎಂದೇ ಬರೆದೆ.