ಕೇಳಿದ್ದೂ ಲೆಕ್ಕಕ್ಕೆ

"ಗಡಿಯಾರ ನೋಡಿ ಬರಬೇಡಿ, ಇಳಿತ ನೋಡಿ ಬನ್ನಿ"
ಅಂದಿದ್ದಳು ಫೋನಿನಲ್ಲಿ ಪ್ರಣಾಲಿ ಕೇಣಿ.
ಚೈತ್ರದ ಆದಿತ್ಯವಾರ, ಗೋರಾಯಿ ಖಾಡಿಯ ದಂಡೆ,
ಆರೂ ಹತ್ತಕ್ಕೆ ನಾವು ಹನ್ನೊಂದು ಮಂದಿ
ಕಾಂಡ್ಲಾವನದ ಮರದ ಹಾಸಿನ ಮೇಲೆ.
ಎಲ್ಲರ ಕೊರಳಲ್ಲೂ ದುರ್ಬೀನು,
ಒಬ್ಬನ ಹೆಗಲಿಗೆ ಕೂಸಿನಷ್ಟು ಭಾರದ ಲೆನ್ಸು.
ನನ್ನ ಕೈಯಲ್ಲಿ ಥರ್ಮಾಸು.
ಎರಡೂ ಕಣ್ಣಿಗೆ ಪೊರೆ; ಡಾಕ್ಟರು ಜೂನ್ ಅಂದಿದ್ದಾರೆ.

ರಾಜಹಂಸಕ್ಕೆ ಬಂದವರು ನಾವೆಲ್ಲ.
ಒಂದೂ ಇಲ್ಲ.
"ನಿನ್ನೆ ಇದ್ದವು" ಅಂದಳು,
ಬುಟ್ಟಿ ಖಾಲಿಯಾದ ಮೇಲೆ ಬಂದ ಗಿರಾಕಿಗೆ
ಅವಳ ತಾಯಿ ಹೇಳುವ ಹಾಗೆ, ಸಂಕೋಚವಿಲ್ಲದೆ.
ಆಮೇಲೆ ಬೆರಳು ಚಾಚಿ:
"ಅಲ್ಲಿ ಕೆಸರೇ ಓಡಾಡುತ್ತಿದೆಯಲ್ಲ, ಅವು ತುತವಾರ.
ಒಂದೊಂದೂ ಇಪ್ಪತ್ತೈದು ಗ್ರಾಂ."
ಒಂದು ಹಿಡಿ ಅವಲಕ್ಕಿಯ ತೂಕ,
ಇನ್ನು ಹದಿನೈದು ದಿನಕ್ಕೆ ಸೈಬೀರಿಯದ ದಾರಿ.

ಲೆನ್ಸು ಚಟಪಟ ಅಂದಿತು. ನಾನು ಕಣ್ಣು ಮುಚ್ಚಿದೆ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜು,
ಅರ್ಧ ಮುಂಬಯಿಯನ್ನು ಕಿವಿಯಿಂದಲೇ ಬಲ್ಲೆ.
ಟ್ರಂಕ್ ಕಾಲಿನ ಮೂರನೆಯ ನಿಮಿಷದ ಧಾವಂತ,
ಹೇಳಬೇಕೆಂದದ್ದು ಮರೆತು
"ಊಟ ಆಯ್ತಾ" ಎಂದಷ್ಟೇ ಕೇಳುವ ದನಿ.
ಕೆಸರಿನ ಮೇಲೆ ಅದೇ ಗುಜುಗುಜು,
ಹೊರಡುವವರದ್ದು.

ಆಗ ಬೇಲಿಯಾಚೆ, ಹಳೇ ಕಸದ ದಿಬ್ಬದ ಕಡೆಯಿಂದ
ಒಂದೇ ಹಕ್ಕಿ, ಸಿಟ್ಟಿಗೆದ್ದು.
"ಯಾವುದಿದು? ನಿಮ್ಮ ನಿಮ್ಮ ಭಾಷೆಯಲ್ಲೇ ಹೇಳಿ."
ದುರ್ಬೀನುಗಳು ತಡಕಾಡಿದವು.
"ಟಿಟ್ಟಿಭ" ಅಂದೆ.

ಘಾಟಕೋಪರದ ಒಂಟಿ ಕೋಣೆ. ರಾತ್ರಿ ಪಾಳಿ ಮುಗಿಸಿ
ಬಾತ ಕಾಲು ಗೋಡೆಗೆತ್ತಿ ಮಲಗುತ್ತಿದ್ದೆ.
ಸ್ಟೋವಿಗೆ ಪಿನ್ನು ಚುಚ್ಚುತ್ತ ಅವ್ವ:
"ಏನ ಟಿಟ್ಟಿಭಾ, ಆಕಾಶ ಬಿದ್ದೀತಂತ
ಕಾಲಾಗ ಹಿಡದೀ ಏನು?"
ಹಾಗಂದು, ಅದರಂತೆಯೇ ಕೂಗಿ ನಗುತ್ತಿದ್ದಳು.
ವಿಜಾಪುರ ಬಿಟ್ಟ ಮೇಲೆ ಅವಳೂ ಅದನ್ನು ನೋಡಿರಲಿಲ್ಲ.
ನಾನಂತೂ ಹಕ್ಕಿಯೆಂದೇ ನಂಬಿರಲಿಲ್ಲ,
ಬೈಗುಳ ಅಂದುಕೊಂಡಿದ್ದೆ.

"ನಮ್ಮಲ್ಲಿ ಟಿಟವಿ" ಅಂದಳು ಪ್ರಣಾಲಿ. "ಎಲ್ಲಿದೆ ಕಾಕೂ?"
ಕಾಣುತ್ತಿಲ್ಲ, ಅಂದೆ.
ಲೆನ್ಸಿನವನು ನಕ್ಕ: ಕಾಣದ್ದನ್ನು ಪಟ್ಟಿಗೆ ಸೇರಿಸುವುದೆ?
ಅವಳು ಹಾಳೆ ತಿರುವಿ ತೋರಿಸಿದಳು.
ಹಿಂಬದಿಗೆ ಪೆನ್ಸಿಲಿನ ಗೆರೆ ಎಳೆದು, ಮೇಲೆ: ಕೇಳಿದ್ದು.
"ನಮ್ಮಪ್ಪ ಕತ್ತಲಲ್ಲಿ ಬಲೆ ಬೀಸುತ್ತಾನೆ,
ಮೀನನ್ನು ಕಂಡೇ ಬೀಸುತ್ತಾನಾ?"
ಟಿಟವಿ, ಒಂದು. ಪಕ್ಕದಲ್ಲಿ ನನ್ನ ಹೆಸರು,
ಕಾಗುಣಿತ ತಪ್ಪಾಗಿ.

ನೀರು ತಿರುಗಿತು. ಕೆಸರು ಕಿರಿದಾದಂತೆ
ಅಷ್ಟೂ ಹಕ್ಕಿ ಒಂದೇ ಸಲ ಎದ್ದವು.
ಬೆಳ್ಳಗೆ ಒಮ್ಮೆ, ಕಂದಿಗೆ ಒಮ್ಮೆ ಹೊರಳಿದವಂತೆ.
ನನಗೆ ಕೇಳಿದ್ದು
ಒಗೆದ ಸೀರೆಯನ್ನು ಯಾರೋ ಜಾಡಿಸಿದ ಸದ್ದು.
ಚಹಾ ಹನ್ನೊಂದು ಜನಕ್ಕೆ ಸಾಲಲಿಲ್ಲ.

ಮಧ್ಯಾಹ್ನ ಮನೆಯಲ್ಲಿ, ಚಾಪೆ ಹಾಸಿ,
ಕಾಲು ಗೋಡೆಗೆತ್ತಿ ನೋಡಿದೆ.
ಎಡ ಮಂಡಿ ಒಪ್ಪಲಿಲ್ಲ.
ಒಂದೇ ಕಾಲಲ್ಲಿ
ಹಿಡಿದಷ್ಟು ಹಿಡಿದೆ.