ಒಣ ಬಟ್ಟೆಯ ತೂಕ

ಮೊದಲು ಒಣ ಬಟ್ಟೆಯನ್ನು ತೂಗು, ನಸೀಮಾ.
ಅಂಕಿಯನ್ನು ಅಂಗೈಯ ಮೇಲಾದರೂ ಬರೆದುಕೋ.
ಆಮೇಲೆ ಒದ್ದೆಯದು. ಅದರಿಂದ ಇದನ್ನು ಕಳೆ.
ಉಳಿದ ಒಂದೊಂದು ಗ್ರಾಮೂ
ಅವಳ ಮೈಯಿಂದ ಹೋದ ಒಂದೊಂದು ಮಿಲಿ.
ಕಣ್ಣಂದಾಜು ಬೇಡ. ಕಣ್ಣು ಯಾವಾಗಲೂ
ಅರ್ಧಕ್ಕರ್ಧ ಕಮ್ಮಿ ಹೇಳುತ್ತದೆ,
ಹೆದರಿದ ಕಣ್ಣು ಇನ್ನೂ ಕಮ್ಮಿ.

ಕಣ್ಣಂದಾಜಿನಲ್ಲೇ ಗೆದ್ದವಳು ಒಬ್ಬಳಿದ್ದಳು, ನನ್ನವ್ವ,
ಮಾಲತಿ ಹೊಳೆಯ ಮಡಿವಾಳ್ತಿ ಗುತ್ಯಮ್ಮ.
ಏಳು ಮನೆಯ ಬಾಣಂತಿ ಬಟ್ಟೆ ಅವಳದು.
ಹಿತ್ತಿಲ ಕಲ್ಲಿನ ಮೇಲೆ ಗಂಟು ಇಡುತ್ತಿದ್ದರು,
ಕೈಗೆ ಕೊಡುವ ಪದ್ಧತಿ ಇರಲಿಲ್ಲ.
ಬಾಣಂತಿಯ ಮುಖ ನಾವು ಕಂಡಿದ್ದಿಲ್ಲ.
ಬಟ್ಟೆ ಕಂಡಿದ್ದೆವು.

ನೀರಿಗೆ ಅದ್ದುವ ಮೊದಲು ಒಂದೊಂದನ್ನೂ
ಬಿಸಿಲಿಗೆ ಹಿಡಿದು ನೋಡುವಳು,
ಅಕ್ಷರ ಬಾರದವಳು, ಕಾಗದ ಓದುವವರ ಹಾಗೆ.
ಮೂರು ದಿನ ದಾಸವಾಳ,
ನಾಲ್ಕು ಕಳೆದರೆ ಮುರುಗಲ ನೀರು,
ಹತ್ತು ಹನ್ನೆರಡಕ್ಕೆ ಗಂಜಿತಿಳಿ.
ಮಲಗಿ ಎದ್ದಾಗ ಬುಳಕ್ಕನೆ ಬಂದರೆ ಹೆದರಬೇಡ,
ಕಟ್ಟಿ ನಿಂತದ್ದು ಅದು.
ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆಗೆ ಹೆದರು.
ನಾತಕ್ಕೆ ಹೆದರು.
ಬಣ್ಣ ಮುಂದಕ್ಕೆ ಹೋಗಬೇಕು, ಮಗಾ,
ಹಿಂದಕ್ಕೆ ಬರಬಾರದು.

ಗೌಡರ ಮನೆ ವನಮಾಲಕ್ಕನ ಬಟ್ಟೆ
ಒಂಬತ್ತನೆಯ ದಿನ ಹಿಂದಕ್ಕೆ ಬಂತು.
ಗಂಟು ಎತ್ತಿದಾಗಲೇ ಅವ್ವ ನಿಂತಳು. ಭಾರ.
ಹೊಳೆಯಲ್ಲಿ ಬಿಚ್ಚಿದರೆ ಆರು ಬಟ್ಟೆ, ಆರೂ ದಾಸವಾಳ,
ಹೊತ್ತು ಇನ್ನೂ ಮಾರು ಮೇಲೆ ಬಂದಿರಲಿಲ್ಲ.
ಒಗೆಯುವ ಕಲ್ಲಿನ ಮೇಲೆ ಎಲ್ಲ ಬಿಟ್ಟು ಓಡಿದಳು.
ಅಂಗಳ ದಾಟಿ, ಜಗಲಿ ಹತ್ತಿ, ಮುಂಬಾಗಿಲಿಂದಲೇ.
ಹಿತ್ತಿಲು ಸುತ್ತುವಷ್ಟು ಹೊತ್ತಿರಲಿಲ್ಲ ಕಣೇ,
ಎಂದಳು ಆಮೇಲೆ, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಒಳಗೆ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.
"ಕೆಟ್ಟ ನೆತ್ತರು, ಹೋಗಲಿ ಬಿಡು. ಹೋದಷ್ಟೂ ಹಗುರ."
ವನಮಾಲಕ್ಕ ಹಗುರಾಗಿಯೇ ಇದ್ದಳು,
ಗೋಡೆಗೆ ಒರಗಿ, ತುಟಿಯೂ ಸುಣ್ಣವಾಗಿ,
ತೊಡೆಯಿಂದ ಜಾರುವ ಕೂಸನ್ನು ಹಿಡಿಯದೆ.
"ಕಸ ಪೂರ್ತಿ ಬಿದ್ದಿಲ್ಲ ಅಮ್ಮಾ, ಚೂರು ಒಳಗೇ ಕೂತಿದೆ.
ಕೆಟ್ಟದ್ದು ಒಳ್ಳೇದು ಅಂತ ನೆತ್ತರಲ್ಲಿ ಎರಡಿಲ್ಲ.
ಇರೋದೇ ಅಷ್ಟು."

ಗಿರಣಿಯ ಮೆಟಡೋರಿನಿಂದ ಅಕ್ಕಿ ಚೀಲ ಇಳಿಸಿದರು,
ಕಾಲ ಕೆಳಗೆ ಇಡಲು ತೌಡಿನ ಒಂದು ಮೂಟೆ ಉಳಿಸಿಕೊಂಡರು.
ತೀರ್ಥಹಳ್ಳಿಯಲ್ಲಿ ಆಗುವುದಿಲ್ಲ ಎಂದರು.
ಮಂಡಗದ್ದೆ, ಗಾಜನೂರು, ಕೊನೆಗೆ ಶಿವಮೊಗ್ಗ.
ಹೆಬ್ಬೆರಳಷ್ಟು ಮಾಸಿನ ಚೂರು ತೆಗೆದರಂತೆ.
ಅಷ್ಟೇ ಅಷ್ಟು.

ಈಗ ಬಾ, ಆರನೇ ಬೆಡ್ಡು.
ಹೊಕ್ಕುಳ ಬಳಿ ಕೈಯಿಡು. ಏನು ಸಿಗುತ್ತದೆ?
ನೆನೆದ ಹಿಟ್ಟಿನ ಹಾಗಿದ್ದರೆ ನನ್ನ ಕತೆ ಸಾಕು,
ಡಾಕ್ಟರನ್ನು ಕೂಗು, ಕೂಗುತ್ತಲೇ ತಿಕ್ಕು,
ಸುಲಿದ ತೆಂಗಿನಕಾಯಿಯಷ್ಟು ಗಟ್ಟಿಯಾಗುವ ತನಕ.
ಉಚ್ಚೆ ತುಂಬಿದ್ದರೆ ಖಾಲಿ ಮಾಡಿಸು,
ತುಂಬಿದ ಚೀಲ ಗರ್ಭಕೋಶವನ್ನು
ಮುಷ್ಟಿ ಕಟ್ಟಲು ಬಿಡುವುದಿಲ್ಲ.
ಫ್ರಿಜ್ಜಿನಿಂದ ಆಕ್ಸಿಟೋಸಿನ್. ಡ್ರಿಪ್ಪು.
ಕೂಸನ್ನು ಎದೆಗೆ ಹಾಕು, ಅದು ಚೀಪಿದಷ್ಟೂ ಒಳಗೆ ಬಿಗಿ.
ನಾಡಿ ಓಡುತ್ತಿದ್ದರೆ, ನೀರು ನೀರು ಎಂದು ಅವಳು ಚಡಪಡಿಸಿದರೆ,
ಚಡಪಡಿಸುವುದನ್ನು ಬಿಟ್ಟು ಸುಮ್ಮನಾದರೆ,
ಓಡು.

ಮನೆಗೆ ಕಳಿಸುವಾಗ ಚೀಟಿಯ ಜೊತೆ ಬಾಯಲ್ಲೂ ಹೇಳು:
ಗಂಟೆಗೊಂದು ಪ್ಯಾಡು ತೋಯ್ದರೆ
ಯಾರ ಅಪ್ಪಣೆಯೂ ಬೇಡ, ನೂರಾ ಎಂಟಕ್ಕೆ ಫೋನು ಮಾಡು.
ಎಸೆಯುವ ಮೊದಲು ನೋಡು.
ಈಗ ಕಪ್ಪು ಕವರಿನಲ್ಲಿ ಸುತ್ತಿ ಬಿಸಾಡುತ್ತಾರೆ,
ಒಗೆಯುವವರಿಲ್ಲ,
ಓದುವವರೂ ಇಲ್ಲ.

ಹಾಂ, ವನಮಾಲಕ್ಕ ಬದುಕಿದಳು.
ಮಾರನೆಯ ದಿನ ಅವ್ವ ಹೊಳೆಗೆ ಹೋದಾಗ
ಕಲ್ಲಿನ ಮೇಲೆ ಐದೇ ಬಟ್ಟೆ.
ಒಂದನ್ನು ಮಾಲತಿ ಒಯ್ದಿದ್ದಳು.
ಐದನ್ನೂ ಒಗೆದು, ಒಣಗಿಸಿ, ಮಡಿಸಿ
ಹಿತ್ತಿಲ ಕಲ್ಲಿನ ಮೇಲೆ ಇಟ್ಟು ನಿಂತಳು.
ಅಜ್ಜಿ ಎಣಿಸಿದರು.
ಮತ್ತೊಮ್ಮೆ ಎಣಿಸಿದರು.
"ಆರು ಕೊಟ್ಟಿದ್ದೆವಲ್ಲೇ, ಗುತ್ಯಾ?"