ಯಾವ ಖಾನ್ಯಾಗ ಬರೀಲಿ

ಇಗರ್ಜಿ ಹಿಂದಿನ ಖೋಲಿ. ಸುಟ್ಟುಳಿದ ಮೇಣದ ತುಂಡು
ತುಂಬಿದ ಡಬ್ಬಿ, ಮುರಿದ ಬಾಂಕು, ಕಿಟಕಿ ಕಟ್ಟಿ ಮ್ಯಾಲೆ
ಬಂದರದ ಕಲ್ಲಿದ್ದಲ ಪುಡಿ. ಒರಸಿದ್ರ ಸಂಜಿಗೆ ಮತ್ತ ಹಾಜರು.
ಗುರುವಾರ ನಾಕಕ್ಕ ನಾವು ಹದಿನಾಕು ಮಂದಿ
ವಾಸ್ಕೋದ ಗುಡ್ಡ ಇಳದು ಬರತೀವಿ,
ಮೀನ ಆರಿಸಿದ ಕೈ, ಸಿಮೆಂಟ ಕಲಸಿದ ಕೈ,
ಹೋಟೆಲ್ಲಿನ ಚಾದರ ಒಗೆದ ಕೈ ತೊಳಕೊಂಡು.

ನಡುವ ಪೆಟ್ಟಿಗಿ. ಹಸಿರು ಬಣ್ಣ, ಮೂರು ಕೀಲಿ.
ಯಾವುದೋ ಹಿಮದ ದೇಶದ ಇಗರ್ಜಿಯವರು ಕಳಿಸಿದ್ದು.
ಮೊದಲ ದಿನ ತಗದು ನೋಡಿದ್ವಿ: ಒಳಗ
ಒಂದು ವಹಿ, ಒಂದು ಠಸ್ಸೆ, ಶಾಯಿ ಪ್ಯಾಡು.
'ರೊಕ್ಕ?' ಅಂದ್ಳು ತಾಂಡೇದ ಧಾವಲಿ.
'ರೊಕ್ಕ ನಿಮ್ಮದು' ಅಂದ್ರು ಸಿಸ್ಟರ್ ಎಸ್ಪೆರಾನ್ಸ.
ಅವತ್ತು ಐದು ಮಂದಿ ಎದ್ದು ಹೋದ್ರು, ತಿರುಗಿ ಬರಲಿಲ್ಲ.
ನಾ ಕುಂತೆ. ಯಾಕಂದ್ರ ಪ್ಯಾನಿನ ಗಾಳಿ ಇತ್ತು.

ಏಳನೆತ್ತೆ ಕಲತಾಕಿ ಅಂತ ವಹಿ ನನ್ನ ಕೈಗೆ.
ಕೀಲಿಕೈ ಒಂದು ಧಾವಲಿಗೆ, ಒಂದು ಹುಸೇನಬಿಗೆ,
ಮೂರನೇದು ಯಮನವ್ವಗ. ತಾಳಿ ದಾರಕ್ಕ ಕಟಗೊಂಡಾಳ,
ತಾಳಿಗಿಂತ ಇದಽ ಭಾರ ಅಂತಾಳ.
ವಾರಕ್ಕ ಐವತ್ತು. ಇಲ್ಲದಾಕಿ ಇಪ್ಪತ್ತು. ಅದೂ ಇಲ್ಲದಾಕಿ
ಬರಬೇಕು, ಕುಂದ್ರಬೇಕು, ಹೆಸರಿನ ಮುಂದ ಸೊನ್ನಿ ಬರಸಬೇಕು.
ಸೊನ್ನಿ ಬರಸಾಕಿ ಮಾರಿ ನಾ ನೋಡೂದಿಲ್ಲ.

ಒಂದಿನ ಸಿಸ್ಟರ್ ಕಥಿ ಹೇಳಿದ್ರು, ಕೊಂಕಣಿಯಾಗ,
ಹುಸೇನಬಿ ಕನ್ನಡಾ ಮಾಡಿದ್ಳು:
ದೇವರ ಹುಂಡ್ಯಾಗ ಉಳ್ಳವರು ಝಣಝಣ ಸುರವಿದ್ರಂತ.
ಗಂಡ ಸತ್ತ ಒಬ್ಬಾಕಿ ಮುದುಕಿ
ಎರಡು ತಾಮ್ರದ ಕಾಸು ಹಾಕಿದ್ಳಂತ. ಅಷ್ಟಽ ಇತ್ತಂತ.
ಎಲ್ಲಾರಕಿಂತ ಹೆಚ್ಚು ಕೊಟ್ಟಾಕಿ ಈಕಿ ಅಂದನಂತ ಯೇಸು.
ತಲಿದೂಗಿದ್ವಿ. ಫಕೀರವ್ವ ಒಬ್ಬಾಕಿ
ಸೆರಗಿನ ತುದಿ ಹಲ್ಲಾಗ ಕಚ್ಚಿ ಕೇಳಿದ್ಳು:
'ಆ ರಾತ್ರಿ ಮುದುಕಿ ಏನ ಉಂಡ್ಳು?'
ಪ್ಯಾನು ತಿರಗತಿತ್ತು. ಸಿಸ್ಟರ್ ಪುಸ್ತಕದಾಗ ಹುಡಕಿದ್ರು,
ಹಾಳಿ ಹಿಂದ, ಹಾಳಿ ಮುಂದ.
'ಬರದಿಲ್ಲ' ಅಂದ್ರು.

ಆಮ್ಯಾಲೆ ಯಮನವ್ವ ಹುನಗುಂದಕ್ಕ ಹೋದ್ಳು, ತಮ್ಮನ ದಿನಕ್ಕ.
ತಾಳಿ ಕೂಡ ಕೀಲಿಕೈಯೂ ಹೋತು.
ಅದಽ ವಾರ ಫಕೀರವ್ವನ ಮಗ ಸಾರವಿಯಿಂದ ಬಿದ್ದ.
ತೊಡಿ ಎಲುವಿಗೆ ಸರಳು. ಸರಳು ಹೊರಗಿನ ಅಂಗಡ್ಯಾಗ.
ರಾತ್ರಿ ಹತ್ತಕ್ಕ ಪೆಟ್ಟಿಗಿ ಸುತ್ತ ನಾವು.
ಎರಡು ಕೀಲಿ ಬಿಚ್ಚ್ಯಾವ. ಮೂರನೇದು ಬಾಯಿ ಬಿಗಿದು ಕುಂತೈತಿ.
ಒಳಗ ಮೂವತ್ತೊಂದು ಸಾವಿರದ ನಾನೂರು, ನನಗ ಬಾಯಿಪಾಠ.
ಧಾವಲಿ ಕಲ್ಲ ತಂದ್ಳು.
ಸಿಸ್ಟರ್ ಹೂಂ ಅನಲಿಲ್ಲ, ಬ್ಯಾಡ ಅನಲಿಲ್ಲ.
ಫಕೀರವ್ವನಽ ಆಕಿ ಕೈ ಹಿಡದ್ಳು:
'ಇವತ್ತ ನಾವು ಒಡದ್ರ
ನಾಳೆ ಗಂಡಸರಿಗೂ ಒಡಿಯೂದು ಗೊತ್ತಾಗತೈತಿ.'

ಹುಸೇನಬಿ ಕುಪ್ಪಸದಾಗ ಕೈ ಹಾಕಿದ್ಳು.
ಧಾವಲಿ ಕೊರಳಾಗಿನ ಬೆಳ್ಳಿ ನಾಣ್ಯದ ಸರ ತಗದ್ಳು.
ಮೀನ ವಾಸನಿ ನೋಟು, ಹಿಟ್ಟಿನ ಡಬ್ಬಿ ನೋಟು,
ಮಗಳ ಸಾಲಿ ಫೀಜು, ಗಂಡಗ ಗೊತ್ತಿಲ್ಲದ ನನ್ನ ಎಂಟನೂರು.
ಸಿಸ್ಟರ್ ಬಸ್ಸಿನ ರೊಕ್ಕ ಇಟ್ಟು, ನಡಕೊಂತ ಹೋದ್ರು.

ಗುರುವಾರ ಬಂತು, ಯಮನವ್ವ ಬಂದ್ಳು. ಕೀಲಿ ತಗದ್ವಿ.
ವಹಿ ಬಿಚ್ಚಿದೆ: ಉಳಿತಾಯ, ಸಾಲ, ಬಡ್ಡಿ, ದಂಡ.
ಆ ರಾತ್ರಿದು ಯಾವ ಖಾನ್ಯಾಗ ಬರೀಲಿ?
'ಸಾಲ' ಅಂದ್ಳು ಫಕೀರವ್ವ, ಗಟ್ಟಿಯಾಗಿ. 'ಬಡ್ಡಿ ಹಚ್ಚು.'
ಬಡ್ಡಿ ಹರಾಮು ಅಂತ ಹುಸೇನಬಿ. ಬರೀಲೇಬ್ಯಾಡ ಅಂತ ಧಾವಲಿ.
ನನ್ನ ಬಿಟ್ಟು ಕೊಟ್ರೆಲ್ಲಾ ಅಂತ ಯಮನವ್ವನ ಅಳು.
ಜಗಳ ಹತ್ತಿತು. ಸಂಜಿ ಗಂಟಿ ಹೊಡೀತು, ಯಾರೂ ಏಳಲಿಲ್ಲ.

ಹಾಳಿ ಮ್ಯಾಲಿನ ಕರಿ ಪುಡಿ ಊದಿದೆ.
ಗೆರಿ ಹೊರಗ, ಅಂಚಿನಾಗ, ಪೆನ್ಸಿಲ್ಲಿಲೆ, ಸಣ್ಣಗ ಬರದೆ,
ಹಿಮದ ದೇಶದವರು ಕೇಳಿದ್ರ ಕೇಳಲಿ:
ಅವತ್ತ ರಾತ್ರಿ ದವಾಖಾನಿ ಕಟ್ಟಿ ಮ್ಯಾಲೆ
ಧಾವಲಿ ಮನಿ ರೊಟ್ಟಿ, ಹುಸೇನಬಿ ಮನಿ ಬಂಗಡಿ ಸಾರು,
ಉಳ್ಳಾಗಡ್ಡಿ ಒಂದು. ಫಕೀರವ್ವ ಎರಡು ರೊಟ್ಟಿ ಉಂಡ್ಳು.